ನಾಯಿ ಕಚ್ಚಿದ ಗಾಯಕ್ಕೆ ಸುಣ್ಣವಲ್ಲ, ಸೋಪು

“ನಾಯಿಮರಿ ಹಲ್ಲು ಸ್ವಲ್ಪ ತಾಗಿತು ಅಷ್ಟೆ, ಏನಾಗತ್ತೆ ಬಿಡಿ” ಎಂದು ಗಾಯಕ್ಕೆ ಸುಣ್ಣವನ್ನೋ ಮೆಣಸಿನಪುಡಿಯನ್ನೋ ಮೆತ್ತಿ ಸುಮ್ಮನಾಗುವ ಮನೆಗಳು ಇಂದಿಗೂ ಇವೆ. ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ ವೈರಸ್ ಇರುವುದು ನಾಯಿಯ ಜೊಲ್ಲಿನಲ್ಲಿ. ಗಾಯದ ಬಳಿಯ ನರವನ್ನು ಹಿಡಿದು ಅದು ಮಿದುಳಿನತ್ತ ಸಾಗುತ್ತದೆ. ರೋಗ ಕಾಣಿಸಲು ಸಾಮಾನ್ಯವಾಗಿ 2-3 ತಿಂಗಳು ಬೇಕು. ಮುಖಕ್ಕೆ, ಕತ್ತಿಗೆ ಕಚ್ಚಿದ್ದರೆ ದಾರಿ ಇನ್ನೂ ಹತ್ತಿರ. ನೀರು ಕಂಡರೆ ಗಂಟಲು ಬಿಗಿಯುವ ಲಕ್ಷಣ ಕಾಣಿಸಿತೆಂದರೆ ಜೀವ ಉಳಿಯುವುದು ಇಲ್ಲವೆಂಬಷ್ಟು ಅಪರೂಪ.

ಆದ್ದರಿಂದ ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಬೇಡ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ಚುಚ್ಚುಮದ್ದು. ಬಸುರಿ, ಬಾಣಂತಿಯರೂ ಹಾಕಿಸಿಕೊಳ್ಳಬಹುದು. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದು ಬೇಕು, ಕೇಳಿ ಹಾಕಿಸಿಕೊಳ್ಳಿ. ವೈದ್ಯರು ಬರೆದುಕೊಟ್ಟ ತಾರೀಕುಗಳಲ್ಲಿ ಒಂದನ್ನೂ ತಪ್ಪಿಸಬೇಡಿ.

ಇನ್ನೊಂದು ಮಾತು. ಬೈಗುಳಕ್ಕೆ ಹೆದರಿ ಮಕ್ಕಳು ನಾಯಿ ಪರಚಿದ್ದನ್ನೂ ಕಚ್ಚಿದ್ದನ್ನೂ ಮುಚ್ಚಿಡುತ್ತವೆ. “ಹೇಳಿದರೆ ಬೈಯೋದಿಲ್ಲ ಕಂದ” ಎಂದು ಇವತ್ತೇ ಹೇಳಿಡಿ. ಆ ಮಾತು ಮಗುವಿನ ಜೀವ ಉಳಿಸೀತು.