ಮಿತಾಕ್ಷರೆಯಲ್ಲಿ ಕೊಲೆಯ ವಿಚಾರಣಾಕ್ರಮ

ಕೊಲೆಗಾರನನ್ನು ಪತ್ತೆಹಚ್ಚುವ ಶಾಸ್ತ್ರದ ಪ್ರಸ್ತಾಪ ಬಂದಾಗ ನಾವು ಸಾಮಾನ್ಯವಾಗಿ 1893ರಲ್ಲಿ ಅಪರಾಧ ವಿಚಾರಣೆಯ ಕೈಪಿಡಿಯನ್ನು ಪ್ರಕಟಿಸಿದ ಆಸ್ಟ್ರಿಯದ ಹಾನ್ಸ್ ಗ್ರಾಸನನ್ನು ನೆನೆಯುತ್ತೇವೆ. ಆದರೆ ಬೇಮಳಖೇಡ, ಹುಮನಾಬಾದುಗಳ ಸೀಮೆಗೆ ನೆರೆಯದಾದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿಯೂ ಈ ವಿಷಯದ ವಿವೇಚನೆಯುಂಟು.

ಕೊಂದವನಾರೆಂದು ತಿಳಿಯದಿದ್ದಾಗ ಮಾಡತಕ್ಕುದೇನು? ಹತನಿಗೆ ಯಾರೊಡನೆ ಕಲಹವಿತ್ತೆಂದು ಅವನ ಮಕ್ಕಳನ್ನೂ ಬಂಧುಗಳನ್ನೂ ಒಡನೆಯೇ ಕೇಳಬೇಕು. ಅವನ ಸ್ತ್ರೀಯರಲ್ಲಿ ಪರಪುರುಷಾಸಕ್ತರಾದವರನ್ನು ಬೇರೆಬೇರೆಯಾಗಿ ವಿಚಾರಿಸಬೇಕು. ಅವನು ಹೆಣ್ಣು, ಹಣ, ಜೀವನೋಪಾಯ ಇವುಗಳಲ್ಲಿ ಯಾವುದನ್ನು ಬಯಸಿದ್ದನು, ಯಾರ ಸಂಗಡ ಹೋಗಿದ್ದನು ಎಂಬುದನ್ನು ಅರಿಯಬೇಕು. ಮರಣಸ್ಥಳದ ಸಮೀಪದಲ್ಲಿರುವ ದನಗಾಹಿಗಳು, ಅಡವಿಯವರು ಮೊದಲಾದವರನ್ನು ವಿಶ್ವಾಸಪೂರ್ವಕವಾಗಿ, ಮೆಲ್ಲನೆ ಕೇಳಬೇಕು.

ಇಲ್ಲಿನ ಮೂರು ನಿಯಮಗಳು ಗಮನಾರ್ಹವಾದುವು. ತಡಮಾಡಿದರೆ ನೆನಪು ಮಾಸುತ್ತದೆ. ಒಟ್ಟಿಗೆ ಕೇಳಿದರೆ ಒಬ್ಬರ ಮಾತು ಇನ್ನೊಬ್ಬರದಾಗುತ್ತದೆ. ಬೆದರಿಸಿದರೆ ಸಾಕ್ಷಿಯು ಕೇಳುವವನಿಗೆ ಬೇಕಾದುದನ್ನೇ ನುಡಿಯುತ್ತಾನೆ. ಮೂರರಲ್ಲಿ ಯಾವುದು ತಪ್ಪಿದರೂ ದಂಡವು ನಿರಪರಾಧಿಯ ಮೇಲೆ ಬೀಳಬಹುದು.

ಈ ಕ್ರಮದ ಮಿತಿಗಳನ್ನೂ ನಾವು ಮರೆಯಲಾಗದು. ಮನೆಯ ಹೆಂಗಸರ ನಡತೆಯ ಮೇಲಿನ ಸಂಶಯ ಇದರಲ್ಲಿ ಮೊದಲೇ ಸೇರಿಕೊಂಡಿದೆ. ಲಿಖಿತ, ಭುಕ್ತಿ, ಸಾಕ್ಷಿಗಳಿಲ್ಲದೆಡೆ ದಿವ್ಯಪರೀಕ್ಷೆಯನ್ನು ಅದೇ ಸ್ಮೃತಿಯು ಒಪ್ಪುತ್ತದೆ. ಆದರೂ ಕೊಲೆಯ ಸತ್ಯವನ್ನು ಮೊದಲು ಮನುಷ್ಯರನ್ನು ಕೇಳಿ ತಿಳಿಯಬೇಕು, ಅದರಲ್ಲಿ ದನಗಾಹಿಯ ಮಾತಿಗೂ ಬೆಲೆಯುಂಟು ಎಂಬ ನಿಲುವು ಸಾಮಾನ್ಯವಾದುದಲ್ಲ. ದಾಯಭಾಗಕ್ಕಾಗಿಯೇ ಮಿತಾಕ್ಷರೆಯನ್ನು ಓದುವ ನಮ್ಮ ವಿದ್ಯಾರ್ಥಿಗಳು ಈ ಭಾಗವನ್ನೂ ಪರಿಶೀಲಿಸುವುದು ಉಚಿತ.