ಶಿಶಿಕ್ಷು ತರಬೇತಿಯಲ್ಲಿ ತರಗತಿಯ ಅವಧಿ: ಪೂರ್ಣಗೊಳಿಸುವುದರ ಅಗತ್ಯ

ಗ್ರಾಮೀಣ ಭಾಗದ ಅನೇಕ ಯುವಕ ಯುವತಿಯರು ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್ ಮೊದಲಾದ ವೃತ್ತಿಗಳಲ್ಲಿ ಶಿಶಿಕ್ಷುಗಳಾಗಿ, ಅಂದರೆ ಅಪ್ರೆಂಟಿಸ್‌ಗಳಾಗಿ ಕಾರ್ಖಾನೆಗಳಿಗೆ ಸೇರುತ್ತಾರೆ. ಯಂತ್ರದ ಮುಂದಿನ ಕೆಲಸವನ್ನು ಆಸಕ್ತಿಯಿಂದ ಕಲಿಯುವವರೂ ತರಗತಿಯ ಪಾಠವನ್ನು ಕಾಲಹರಣವೆಂದು ಭಾವಿಸುವುದುಂಟು. ಸುಗ್ಗಿಯ ಕೆಲಸ, ಮನೆಯ ಸಾಲ, ಬೇರೆಡೆ ದೊರೆಯುವ ದಿನಗೂಲಿ ಇತ್ಯಾದಿ ಕಾರಣಗಳಿಂದ ಅದನ್ನು ಅರ್ಧಕ್ಕೆ ಬಿಡುವ ಸಂದರ್ಭಗಳೂ ಒದಗುತ್ತವೆ. ಇದರಿಂದ ಉಂಟಾಗುವ ನಷ್ಟದ ಅರಿವು ಸದಸ್ಯರಿಗಿದ್ದಲ್ಲಿ ಅಂತಹ ಕುಟುಂಬಗಳಿಗೆ ಸಕಾಲದಲ್ಲಿ ತಿಳಿಹೇಳಲು ಸಾಧ್ಯ.

1961ರ ಶಿಶಿಕ್ಷು ಕಾಯ್ದೆಯು ವೃತ್ತಿ ಶಿಶಿಕ್ಷುವಿಗೆ ಪ್ರಾಯೋಗಿಕ ತರಬೇತಿಯ ಜೊತೆಗೆ ಸಂಬಂಧಿತ ಬೋಧನೆಯನ್ನೂ ನೀಡಬೇಕೆಂದು 10ನೇ ಪ್ರಕರಣದಲ್ಲಿ ವಿಧಿಸಿದೆ. ತರಗತಿಯಲ್ಲಿ ಕಳೆದ ಸಮಯವನ್ನು ವೇತನಸಹಿತ ಕೆಲಸದ ಅವಧಿಯ ಭಾಗವೆಂದೇ ಪರಿಗಣಿಸತಕ್ಕದ್ದು. ಆದುದರಿಂದ ಪಾಠಕ್ಕೆ ಹೋದರೆ ಭತ್ಯೆ ಕಡಿತವಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಸಾಂಸ್ಥಿಕ ತರಬೇತಿ ಪಡೆದು ಪರೀಕ್ಷೆಯಲ್ಲಿ ಈಗಾಗಲೇ ಉತ್ತೀರ್ಣರಾದವರಿಗೆ ಈ ಬೋಧನೆಯನ್ನು ಕಡಿಮೆ ಪ್ರಮಾಣದಲ್ಲಿ ನೀಡಲು ಅವಕಾಶವಿದೆ. ತರಗತಿಗಳಿಗೆ ಕ್ರಮಬದ್ಧವಾಗಿ ಹಾಜರಾಗುವುದು 12ನೇ ಪ್ರಕರಣದಂತೆ ಶಿಶಿಕ್ಷುವಿನ ಕರ್ತವ್ಯವೂ ಆಗಿದೆ.

ತರಗತಿಯ ಪ್ರಯೋಜನವನ್ನು ಗ್ರಾಮದ ಕೊಳವೆಬಾವಿಯ ಉದಾಹರಣೆಯಿಂದ ಅರಿಯಬಹುದು. ಮೂರು ಫೇಸ್ ಮೋಟಾರಿಗೆ ತಂತಿ ಜೋಡಿಸುವುದನ್ನು ಕೈಕೆಲಸದಿಂದಲೇ ಕಲಿಯಬಹುದು. ಆದರೆ ಒಂದು ಫೇಸ್ ಕಡಿದುಹೋದಾಗ ಉಳಿದ ಎರಡರಲ್ಲಿ ವಿದ್ಯುತ್ಪ್ರವಾಹ ಹೆಚ್ಚಿ ಸುರುಳಿ ಸುಡುವುದೇಕೆ, ಮೋಟಾರಿನ ಫಲಕದಲ್ಲಿ ನಮೂದಿಸಿದ ಪ್ರವಾಹಕ್ಕೆ ತಕ್ಕಂತೆ ಓವರ್‌ಲೋಡ್ ರಿಲೇಯನ್ನು ಹೊಂದಿಸಬೇಕಾದುದೇಕೆ ಎಂಬುದನ್ನು ವೃತ್ತಿ ಸಿದ್ಧಾಂತ ಮತ್ತು ಲೆಕ್ಕಾಚಾರದ ಪಾಠಗಳು ತಿಳಿಸುತ್ತವೆ. ರಿಲೇ ಪದೇ ಪದೇ ಟ್ರಿಪ್ ಆಗುವುದೆಂದು ಅದರ ಮಿತಿಯನ್ನು ಏರಿಸಿಬಿಟ್ಟರೆ ಬೇಸಿಗೆಯ ನಡುವೆ ಮೋಟಾರು ಸುಟ್ಟು ಇಡೀ ಊರು ನೀರಿಲ್ಲದೆ ಪರದಾಡಬೇಕಾಗುತ್ತದೆ. ಭೂಸಂಪರ್ಕದ ತತ್ತ್ವ ತಿಳಿಯದಿದ್ದರೆ ಪ್ರಾಣಹಾನಿಯೂ ಸಂಭವಿಸಬಹುದು.

ನಿಗದಿತ ತರಬೇತಿಯನ್ನು ಪೂರ್ಣಗೊಳಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಮಾತ್ರ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ದೊರೆಯುತ್ತದೆ. ನಡುವೆ ಬಿಟ್ಟವರ ಕೈಯಲ್ಲಿ ಕೆಲಸವಿದ್ದರೂ ಅದನ್ನು ದೃಢೀಕರಿಸುವ ದಾಖಲೆ ಇರುವುದಿಲ್ಲ. ಇದಲ್ಲದೆ ಶಿಶಿಕ್ಷುವಿನ ಲೋಪದಿಂದ ಒಪ್ಪಂದ ರದ್ದಾದಲ್ಲಿ, ಶಿಶಿಕ್ಷು ಸಲಹೆಗಾರರು ನಿರ್ಧರಿಸುವ ತರಬೇತಿ ವೆಚ್ಚವನ್ನು ಶಿಶಿಕ್ಷು ಅಥವಾ ಪೋಷಕರು ಮರುಪಾವತಿಸಬೇಕಾಗುವುದು. ಉದ್ಯೋಗದಾತರ ಲೋಪದಿಂದ ರದ್ದಾದಲ್ಲಿ ಅವರೇ ಪರಿಹಾರ ನೀಡಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಸದಸ್ಯರು ಕೆಳಕಂಡಂತೆ ನೆರವಾಗಬಹುದು:

1. ತಮ್ಮ ವಾರ್ಡಿನಲ್ಲಿ ತರಬೇತಿಯಲ್ಲಿರುವವರನ್ನು ಗುರುತಿಸಿ, ಒಪ್ಪಂದದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ಪೋಷಕರಿಗೆ ತಿಳಿಸುವುದು.

2. ಸಂಜೆಯ ಓದಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸ್ಥಳಾವಕಾಶ ಹಾಗೂ ವೃತ್ತಿ ಸಿದ್ಧಾಂತದ ಪುಸ್ತಕಗಳನ್ನು ಒದಗಿಸಲು ಸಭೆಯಲ್ಲಿ ಪ್ರಸ್ತಾಪಿಸುವುದು.

3. ತರಗತಿಗೆ ಕಳುಹಿಸದೆ ಕೇವಲ ಕೆಲಸ ಮಾಡಿಸಿಕೊಳ್ಳಲಾಗುತ್ತಿದೆ ಎಂಬ ದೂರು ಬಂದಲ್ಲಿ, ತರಬೇತಿ ಬಿಡುವ ಬದಲು ಶಿಶಿಕ್ಷು ಸಲಹೆಗಾರರಿಗೆ ಲಿಖಿತ ಮನವಿ ಸಲ್ಲಿಸಲು ಮಾರ್ಗದರ್ಶನ ನೀಡುವುದು. ಒಪ್ಪಂದಕ್ಕೆ ಸಂಬಂಧಿಸಿದ ವಿವಾದಗಳನ್ನು ತೀರ್ಮಾನಿಸುವ ಅಧಿಕಾರ 20ನೇ ಪ್ರಕರಣದಂತೆ ಅವರಿಗಿದೆ.

4. ತರಗತಿ ಮುಗಿಯಲು ಕೆಲವೇ ವಾರಗಳಿರುವಾಗ ಕೂಲಿಗಾಗಿ ಮಕ್ಕಳನ್ನು ಹಿಂದಕ್ಕೆ ಕರೆಸದಂತೆ ಮನೆಯವರ ಮನವೊಲಿಸುವುದು.

ಕೆಲವು ವಾರಗಳ ಕೂಲಿ ಆ ಋತುವಿಗೆ ಮುಗಿಯುತ್ತದೆ. ಪೂರ್ಣಗೊಂಡ ತರಬೇತಿಯು ದುಡಿಮೆಯ ವಯಸ್ಸಿನುದ್ದಕ್ಕೂ ನೆರವಿಗೆ ಬರುತ್ತದೆ.