ನರೋಣಾಕ್ಕೆ ಬಂದರೆ ಎರಡು ನಿಮಿಷ ಹಿಂದೆ

ಲಂಡನ್ನಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಆಳೆತ್ತರದ ಹಳೆಯ ಗಡಿಯಾರವೊಂದನ್ನು ತಂದು ಆಳಂದ ತಾಲ್ಲೂಕಿನ ನರೋಣಾದ ಪಡಸಾಲೆಯಲ್ಲಿ ನಿಲ್ಲಿಸಿದೆವೆನ್ನಿ. ಕೀಲಿ ಕೊಟ್ಟು, ಮೊಬೈಲ್ ನೋಡಿ ಮುಳ್ಳು ಹೊಂದಿಸಿದರೂ ಮರುದಿನ ಅದೇ ಹೊತ್ತಿಗೆ ಅದು ಎರಡು ನಿಮಿಷ ಹಿಂದೆ ಬಿದ್ದಿರುತ್ತದೆ. ಮುದಿ ಗಡಿಯಾರ, ಸವೆದಿದೆ ಎಂದು ರಿಪೇರಿಯವರನ್ನು ಕರೆಸಿದರೆ ದುಡ್ಡು ದಂಡ. ಗಡಿಯಾರಕ್ಕೆ ಏನೂ ಆಗಿಲ್ಲ. ನರೋಣಾದಲ್ಲಿ ಭೂಮಿಯ ಸೆಳೆತವೇ ಲಂಡನ್ನಿಗಿಂತ ತುಸು ಕಡಿಮೆ.

ಈ ಗಡಿಯಾರದ ಜೀವವೆಲ್ಲ ಮರದ ಪೆಟ್ಟಿಗೆಯೊಳಗೆ ತೂಗುವ ಲೋಲಕದಲ್ಲಿದೆ. ಅದರ ಉದ್ದ 99 ಸೆಂಟಿಮೀಟರ್ ಚಿಲ್ಲರೆ. ಅಷ್ಟು ಉದ್ದವಿದ್ದರೆ ಈ ಕಡೆಯಿಂದ ಆ ಕಡೆಗೆ ಹೋಗಲು ಸರಿಯಾಗಿ ಒಂದು ಸೆಕೆಂಡು. ಪೆಟ್ಟಿಗೆ ಆಳೆತ್ತರ ಇರುವುದೂ ಅದಕ್ಕೇ. ಲೋಲಕವನ್ನು ಕೆಳಗೆಳೆಯುವುದು ಗುರುತ್ವ. ಅದು ಕಡಿಮೆಯಾದರೆ ತೂಗಾಟ ನಿಧಾನವಾಗುತ್ತದೆ. ಭೂಮಿ ನಡುವಿನಲ್ಲಿ ಉಬ್ಬಿದೆ, ತಿರುಗುವ ವೇಗವೂ ಅಲ್ಲೇ ಹೆಚ್ಚು. ಹೀಗಾಗಿ 51 ಡಿಗ್ರಿ ಅಕ್ಷಾಂಶದಿಂದ 17 ಡಿಗ್ರಿಗೆ ಇಳಿದಾಗ ಸೆಳೆತ ಸಾವಿರಕ್ಕೆ ಮೂರು ಪಾಲಿನಷ್ಟು ತಗ್ಗುತ್ತದೆ. 1672ರಲ್ಲಿ ಫ್ರಾನ್ಸಿನ ಜಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದಾಗ ಅವನ ಗಡಿಯಾರವೂ ಹೀಗೇ ಹಿಂದೆ ಬಿದ್ದಿತ್ತು. ಭೂಮಿ ಪೂರ್ತಿ ಗುಂಡಗಿಲ್ಲ ಎಂದು ವಾದಿಸಲು ನ್ಯೂಟನ್‌ಗೆ ಸಿಕ್ಕ ಸಾಕ್ಷಿಗಳಲ್ಲಿ ಅದೂ ಒಂದು.

ಮದ್ದು ಸುಲಭ. ಲೋಲಕದ ಗುಂಡಿನ ಕೆಳಗಿನ ತಿರುಪನ್ನು ತಿರುಗಿಸಿ ಗುಂಡನ್ನು ಮೂರು ಮಿಲಿಮೀಟರಿನಷ್ಟು ಮೇಲೇರಿಸಿದರೆ ಸಾಕು.

ಇನ್ನು ನಮ್ಮ ಕಡೆಯ ಬಿಸಿಲು. ಲೋಲಕದ ಉಕ್ಕಿನ ಸರಳು ಒಂದು ಡಿಗ್ರಿ ಬಿಸಿಯಾದರೆ ಗಡಿಯಾರ ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಕೋಣೆ 20 ಡಿಗ್ರಿ ಹೆಚ್ಚು ಕಾದರೆ ದಿನಕ್ಕೆ ಹತ್ತು ಸೆಕೆಂಡು. ಮನೆಯವರಿಗೆ ಅದು ಲೆಕ್ಕಕ್ಕಿಲ್ಲ, ನಕ್ಷತ್ರ ನೋಡುವವರಿಗೆ ಅನಾಹುತ. ಅದಕ್ಕಾಗಿ 1720ರ ದಶಕದಲ್ಲಿ ಜಾನ್ ಹ್ಯಾರಿಸನ್ ಉಕ್ಕು, ಹಿತ್ತಾಳೆಯ ಸರಳುಗಳನ್ನು ಜಾಲರಿಯಂತೆ ಜೋಡಿಸಿದ. ಉಕ್ಕು ಹಿಗ್ಗಿ ಗುಂಡನ್ನು ಎಷ್ಟು ಇಳಿಸುತ್ತದೋ ಹಿತ್ತಾಳೆ ಹಿಗ್ಗಿ ಅಷ್ಟೇ ಎತ್ತುತ್ತದೆ. ಅಂಥ ನಿಖರ ಗಡಿಯಾರಗಳನ್ನು ಮಾಡುವುದರಲ್ಲಿ ಹೆಸರಾದವನು ಜಾನ್ ಶೆಲ್ಟನ್. 1769ರ ಶುಕ್ರ ಸಂಕ್ರಮಣ ನೋಡಲು ಕ್ಯಾಪ್ಟನ್ ಕುಕ್ ತಹೀತಿಗೆ ಒಯ್ದದ್ದು ಅವನ ಗಡಿಯಾರವನ್ನೇ. ಅವನದೇ ಕೈಯ ಇನ್ನೊಂದು ಮದ್ರಾಸ್ ವೀಕ್ಷಣಾಲಯಕ್ಕೆ ಬಂದು, ಈಗ ಕೊಡೈಕೆನಾಲ್ ವೀಕ್ಷಣಾಲಯದಲ್ಲಿದೆ. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ಮನೆಯ ಗಡಿಯಾರಕ್ಕೆ ನಿಜವಾದ ಕಾಯಿಲೆ ಬೇರೆ ಕಡೆಯಿಂದ ಬರುತ್ತದೆ. ತೊಗರಿ ರಾಶಿಯ ದೂಳು ಒಳಗೆ ಸೇರಿ ಎಣ್ಣೆಯಲ್ಲಿ ಬೆರೆತರೆ ಸಾಣೆ ಹಿಡಿದ ಹಾಗೆ. ಸವೆಯುವುದು ಮೆತ್ತನೆಯ ಹಿತ್ತಾಳೆಯ ಚಕ್ರ ಎಂದುಕೊಳ್ಳುತ್ತೇವೆ. ಆದರೆ ದೂಳಿನ ಕಣ ಹಿತ್ತಾಳೆಯಲ್ಲಿ ನಾಟಿಕೊಂಡು, ಅದಕ್ಕೆ ತಾಗುವ ಗಟ್ಟಿ ಉಕ್ಕಿನ ಹಲ್ಲನ್ನೇ ತಿನ್ನುತ್ತದೆ. ಮನೆಯಲ್ಲಿದೆಯಲ್ಲ ಎಂದು ಯಾರಾದರೂ ಕುಸುಬಿ ಎಣ್ಣೆ ಬಿಟ್ಟರಂತೂ ಮುಗಿಯಿತು. ಗಾಳಿಯ ಆಮ್ಲಜನಕಕ್ಕೆ ಅದು ಅಂಟಾಗಿ, ಕೊನೆಗೆ ಪೊರೆಗಟ್ಟುತ್ತದೆ. ರೊಟ್ಟಿ ಜೊತೆಗಿನ ಪಲ್ಯಕ್ಕೆ ಅದಕ್ಕಿಂತ ಒಳ್ಳೆಯ ಎಣ್ಣೆಯಿಲ್ಲ. ಗಡಿಯಾರಕ್ಕೆ ಮಾತ್ರ ಬೇಡ.

ವಾರಕ್ಕೊಮ್ಮೆ ಕೀಲಿ ಕೊಡುವ ಗಡಿಯಾರಕ್ಕೆ ಇನ್ನೊಂದು ತಮಾಷೆಯ ರೋಗವುಂಟು: ಪ್ರತಿ ವಾರವೂ ಹೆಚ್ಚುಕಡಿಮೆ ಅದೇ ದಿನ ನಿಂತುಬಿಡುವುದು. ಗಡಿಯಾರವನ್ನು ನಡೆಸುತ್ತ ದಿನದಿನವೂ ಇಳಿಯುವ ತೂಕದ ಹಗ್ಗ ಲೋಲಕದಷ್ಟೇ ಉದ್ದವಾದ ದಿನ, ಪೆಟ್ಟಿಗೆ ಅಲ್ಲಾಡುವಂತಿದ್ದರೆ ತೂಕವೂ ಜೊತೆಗೆ ತೂಗತೊಡಗಿ ಲೋಲಕದ ಶಕ್ತಿಯನ್ನು ಕದಿಯುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ಬಿಗಿದರೆ ರೋಗ ವಾಸಿ.

ಆದರೆ ಗೋಡೆಯೇ ಅಲ್ಲಾಡಿದರೆ? ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅಡಿಪಾಯ ಗಟ್ಟಿಯಿಲ್ಲದ ಮನೆಯ ನೆಲ, ಗೋಡೆ ಎರಡೂ ಅದರ ಜೊತೆ ಕದಲುತ್ತವೆ. ಪೆಟ್ಟಿಗೆ ಒಂದಿಷ್ಟು ವಾಲಿದರೂ ಟಿಕ್ ಬೇಗ, ಟಾಕ್ ತಡ; ಕುಂಟುವವನ ನಡಿಗೆಯ ಸಪ್ಪಳ. ಹಾಗೇ ಬಿಟ್ಟರೆ ಒಂದು ದಿನ ನಿಲ್ಲುತ್ತದೆ. ಆಗ ಬಿಗಿ ಸಡಿಲಿಸಿ, ವಾಲಿದ ಬದಿಯ ಕಾಲಿನಡಿ ಫರಸಿಯ ತೆಳು ಚಕ್ಕೆ ಸರಿಸಿ, ಕಣ್ಣು ಮುಚ್ಚಿ ಕೇಳಬೇಕು. ಎರಡು ಸಪ್ಪಳದ ನಡುವಿನ ಬಿಡುವು ಸಮ ಎನಿಸಿದಾಗ ಮತ್ತೆ ಗೋಡೆಗೆ ಬಿಗಿಯುವುದು, ಮುಂದಿನ ಮಳೆಗಾಲದವರೆಗೆ.